ಕ್ಲಚ್ಚಿಲ್ಲದ ಗಾಡಿಯಲ್ಲಿ ಪೋಖರಾಕ್ಕೆ

ರಾಮದುರ್ಗ

ಪರದೇಶದ ಪ್ರವಾಸ ವಿಮಾನ ನಿಲ್ದಾಣದಿಂದ ಶುರುವಾಗಬೇಕು ಎಂಬುದು ಓದುವವರ ಆಸೆ. ನನ್ನದು ರಾಮದುರ್ಗದ ಒಂದು ಓಣಿಯಲ್ಲಿ, ತಗಡಿನ ಶೆಡ್ಡಿನ ಕೆಳಗೆ ನಿಂತಿದ್ದ ಬೂದು ಬಣ್ಣದ ಹಳೆ ಕಾರಿನ ಮುಂದೆ ಶುರುವಾಯಿತು. ಡೀಸೆಲ್ ಗಾಡಿ, ಆಟೋಮ್ಯಾಟಿಕ್ ಗೇರು. ಮಾಲೀಕರು ಊರಿನ ಡಾಕ್ಟರು. ಅವರು ಊರು ಬಿಟ್ಟು ಹೋಗುವವರಿದ್ದರು, ಗಾಡಿ ಕೊಳ್ಳುವವರು ಮಾತ್ರ ಸಿಕ್ಕಿರಲಿಲ್ಲ. ನಮ್ಮ ಕಡೆ ಹಳೆ ಡೀಸೆಲ್ ಗಾಡಿ ಎಂದರೆ ಜನ ಮುಗಿಬೀಳುತ್ತಾರೆ. ಆದರೆ ಕ್ಲಚ್ ಇಲ್ಲ ಎಂದು ಕೇಳಿದ ಕೂಡಲೇ, ಕೊಂಬಿಲ್ಲದ ಎತ್ತು ಕಂಡವರ ಹಾಗೆ ಹಿಂದೆ ಸರಿಯುತ್ತಾರೆ.

ನನಗೆ ಬೇಕಾದದ್ದೇ ಅದು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲು ಸಣ್ಣದಾಗಿಯೇ ಉಳಿಯಿತು. ಕುಂಟುತ್ತ ನಡೆಯುತ್ತೇನೆ. ಬೈಲಹೊಂಗಲದ ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೂ ನಿಂತುಕೊಂಡೇ ಹಿಂದಿ ಕಲಿಸಿದೆ. ಆದರೆ ಕ್ಲಚ್ ಒತ್ತುವ ಬಲ ಆ ಕಾಲಿಗಿಲ್ಲ. ಮದುವೆ ಮಾಡಿಕೊಳ್ಳಲಿಲ್ಲ. ಹೀಗಾಗಿ ದವಾಖಾನೆ, ಮದುವೆ, ಸತ್ತವರ ಮಣ್ಣು, ಎಲ್ಲಿಗೆ ಹೋಗುವುದಿದ್ದರೂ ಯರಗಟ್ಟಿಯಲ್ಲಿ ಕಾಳಿನ ಅಂಗಡಿ ಇಟ್ಟಿರುವ ತಮ್ಮ ಈರಣ್ಣ ಗಾಡಿ ತಂದು ಕರೆದುಕೊಂಡು ಹೋಗಬೇಕು. ಅವನು ಒಂದು ದಿನವೂ ಬೇಸರ ಮಾಡಿದವನಲ್ಲ. ಅದೇ ನನಗೆ ಭಾರ. ಬೇಸರ ಮಾಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಇನ್ನೊಬ್ಬಳು ನಮ್ಮ ಶಾಂತಕ್ಕ. ನಮ್ಮಿಬ್ಬರಿಗೂ ಹಿರಿಯಳು. ಸಂಪಗಾಂವದಲ್ಲೇ ಹುಟ್ಟಿ, ಅಲ್ಲಿಯೇ ಮದುವೆಯಾಗಿ, ಅಲ್ಲಿಯ ಹೊಲದಲ್ಲೇ ಇಷ್ಟು ವರ್ಷ ಕಳೆದವಳು. ನಾನು ಶಾಲೆಗೆ ಹೋಗಿದ್ದು ಅವಳ ಬಗಲಲ್ಲಿ ಕೂತು. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಶಾಲೆ ಬಿಡುವ ತನಕ ಹೊರಗೆ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದಳು. ಅವಳಿಗೆ ಅಕ್ಷರ ಬರುವುದಿಲ್ಲ, ನಾನು ಶಿಕ್ಷಕಿಯಾದೆ. ಈಗ ಅವಳ ಎರಡೂ ಮೊಣಕಾಲು ಹೋಗಿವೆ. ಬಸ್ಸಿನ ಮೆಟ್ಟಿಲು, ರೈಲಿನ ಮೆಟ್ಟಿಲು ಆಗುವುದಿಲ್ಲ. ಆದರೂ ಸಾಯುವುದರೊಳಗೆ ಒಂದು ಬೇರೆ ದೇಶ ನೋಡಬೇಕೆಂಬ ಹಟ. ವಿಮಾನದ ಮಾತೆತ್ತಿದರೆ, "ನೆಲಾ ಬಿಟ್ಟು ನಾ ಎಲ್ಲಿಗೂ ಬರೂದಿಲ್ಲ" ಎನ್ನುತ್ತಾಳೆ. ನೆಲ ಬಿಡದೆ ಹೋಗಬಹುದಾದ ಪರದೇಶ ಯಾವುದೆಂದು ನಕಾಶೆ ನೋಡಿದೆ. ನೇಪಾಳ ಸಿಕ್ಕಿತು. ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ.

ಗಾಡಿ ಪರೀಕ್ಷೆಗೆ ಮೂವರೂ ಹೋದೆವು. ಈರಣ್ಣ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ. ತಣ್ಣಗಿತ್ತು. ಮೊದಲೇ ಎಂಜಿನ್ ಬಿಸಿ ಮಾಡಿಟ್ಟು ಮೋಸ ಮಾಡಿಲ್ಲ ಎಂದು ಸಮಾಧಾನವಾಯಿತು. ಕೀಲಿ ತಿರುವಿದಾಗ ಡೀಸೆಲ್ ಎಂಜಿನ್ ಒಮ್ಮೆ ಕೆಮ್ಮಿ ಎದ್ದಿತು, ಹೊಗೆ ಬಿಳಿಯಾಗಿ ಬಂದು ಸ್ವಲ್ಪದರಲ್ಲೇ ಕಾಣದಾಯಿತು. ನಾನು ಗೇರ್ ಬಾಕ್ಸಿನ ಎಣ್ಣೆ ತೆಗೆಸಿ ಮೂಸಿದೆ. ಸುಟ್ಟ ವಾಸನೆ ಇದ್ದರೆ ಬೇಡ ಎಂದು ಎಲ್ಲೋ ಓದಿದ್ದೆ. ಶಾಂತಕ್ಕ ದನದ ಸಂತೆಯಲ್ಲಿ ನೋಡುವಂತೆ ಸುತ್ತು ಬಂದು, ಬಾಗಿಲು ತೆರೆದು ಮುಚ್ಚಿ, ಕೆಳಗೆ ನೆಲದ ಮೇಲೆ ಎಣ್ಣೆ ಬಿದ್ದಿದೆಯೇ ಎಂದು ಬಗ್ಗಲಾರದೆ ಬಗ್ಗಿ ನೋಡಿದಳು. ಸೀಟಿನ ಮೇಲೆ ಕೂತು, ಮೊಣಕಾಲು ಚಾಚಿ, ಕೊಳ್ಳಬಹುದು ಎಂದಳು.

ಓಡಿಸಿ ನೋಡುವ ಸರದಿ ಈರಣ್ಣನದು. ಹತ್ತು ಹೆಜ್ಜೆ ಚೆಂದವಾಗಿ ಹೋಯಿತು. ಓಣಿಯ ತಿರುವಿನಲ್ಲಿ ಗೇರ್ ಇಳಿಸಬೇಕೆಂದು ಅವನ ಎಡಗಾಲು ರೂಢಿಯ ಮೇಲೆ ಕ್ಲಚ್ ಹುಡುಕಿ, ಸಿಕ್ಕ ಬ್ರೇಕನ್ನೇ ಬಲವಾಗಿ ತುಳಿಯಿತು. ಗಾಡಿ ಗಕ್ಕನೆ ನಿಂತು, ಹಿಂದೆ ಕೂತಿದ್ದ ನಮ್ಮಿಬ್ಬರ ಹಣೆ ಮುಂದಿನ ಸೀಟಿಗೆ ಬಡಿಯಿತು. ಓಣಿಯವರು ನಕ್ಕರು. ಅವನು ಇಳಿದು, ಈ ಗಾಡಿ ಸರಿ ಇಲ್ಲ ಎಂದ. ಅವನ ಎಡಗಾಲು ಸರಿ ಇಲ್ಲ, ನನ್ನ ಎಡಗಾಲಿಗೆ ಇದು ಸರಿಯಾಗಿದೆ ಎಂದು ನಾನು ಹೇಳಿದೆ.

ದುಡ್ಡು ಕೊಟ್ಟ ಮೇಲೆ ಡಾಕ್ಟರು ಎರಡು ಕೀಲಿ ಕೊಟ್ಟರು. ಒಂದನ್ನು ನಾನು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಂದು ಈರಣ್ಣನ ಅಂಗಿಯ ಕಿಸೆಗೆ ಹೋಗಿತ್ತು.

"ಇದು ನನ್ನ ಹತ್ರ ಇರಲಿ. ನಡುವ ಎಲ್ಲ್ಯಾರ ನಿಂತು 'ಬಾ ತಮ್ಮಾ' ಅಂತ ಫೋನ್ ಮಾಡಿದಿ ಅಂದ್ರ, ನಾ ಬಂದು ಗಾಡಿ ತರತೇನಿ. ಆಮ್ಯಾಲ ನೀ ಸ್ಟೇರಿಂಗ್ ಮುಟ್ಟಬಾರದು. ಒಪ್ಪಿಗಿ ಐತೇನು?"

ಒಪ್ಪಿದೆ. ಕಾಳಜಿಯಿಂದಲೇ ಹೇಳಿದ್ದ. ಆದರೆ ನನ್ನ ಗಾಡಿಯ ಕೀಲಿ ಅವನ ಕಿಸೆಯಲ್ಲಿ ಇರುವಷ್ಟು ದಿನ ಈ ಗಾಡಿ ಅರ್ಧ ಮಾತ್ರ ನನ್ನದು ಎನಿಸಿ ಸಿಟ್ಟು ಬಂತು. ಹೋಗಿ ಬಂದೇ ಅದನ್ನು ತೆಗೆದುಕೊಳ್ಳುತ್ತೇನೆ ಎಂದು ಆ ಓಣಿಯಲ್ಲೇ ಗಟ್ಟಿ ಮಾಡಿಕೊಂಡೆ.

ಸವದತ್ತಿ, ಎಲ್ಲಮ್ಮನ ಗುಡ್ಡ

ಆ ಮಳೆಗಾಲವೆಲ್ಲ ಗಾಡಿ ಕಲಿತೆ. ಲೈಸೆನ್ಸ್ ಕೊಡುವವರು ನನ್ನ ಎಡಗಾಲು ನೋಡಿ ಹುಬ್ಬೇರಿಸಿದರು, ಬಲಗಾಲಿನಿಂದ ನಾನು ಗಾಡಿ ನಿಲ್ಲಿಸುವುದು ನೋಡಿ ಹುಬ್ಬು ಇಳಿಸಿದರು. ಆಟೋಮ್ಯಾಟಿಕ್ ಗಾಡಿಯಲ್ಲಿ ಕಲಿಯುವುದು ಕಡಿಮೆ, ಮರೆಯುವುದು ಹೆಚ್ಚು ಎಂದು ತಮ್ಮನಂಥವರು ಹೇಳುತ್ತಾರೆ. ನನಗೆ ಮರೆಯಲು ಏನೂ ಇರಲಿಲ್ಲ.

ಹೊರಡುವ ಮೊದಲು ಗುಡ್ಡಕ್ಕೆ ಹೋಗಿ ಗಾಡಿ ಪೂಜೆ ಮಾಡಿಸುವುದು ನಮ್ಮ ಮನೆಯ ರೂಢಿ. ಪೂಜಾರಿ ಗಾಲಿಗೊಂದು ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಗಾಡಿ ಬಿಡಲು ಹೇಳಿದರು. ನಾನು ಬ್ರೇಕಿನ ಮೇಲಿನ ಕಾಲು ತೆಗೆದೆ, ಅಷ್ಟೇ. ಆಟೋಮ್ಯಾಟಿಕ್ ಗಾಡಿಯ ಸ್ವಭಾವ ಅದು, ಬ್ರೇಕ್ ಬಿಟ್ಟರೆ ತಾನೇ ಮೆಲ್ಲಗೆ ತೆವಳುತ್ತದೆ. ಆಕ್ಸಿಲರೇಟರ್ ಸದ್ದಿಲ್ಲದೆ ಗಾಡಿ ನಿಂಬೆಹಣ್ಣು ಹತ್ತಿ ಇಳಿದದ್ದು ಕಂಡು ಪೂಜಾರಿ ಹಿಂದೆ ಸರಿದು, ತಾಯಿಯೇ ಎಳೆದುಕೊಂಡಳು ಎಂದು ಕೈ ಮುಗಿದರು. ಬಿಡಿಸಿ ಹೇಳುವ ಮನಸ್ಸಾಗಲಿಲ್ಲ. ಆ ಸಂತೋಷದಲ್ಲಿ ಅವರು ಎರಡು ಮುಷ್ಟಿ ಭಂಡಾರ ಗಾಡಿಯೊಳಗೂ ತೂರಿದರು. ಅರಿಶಿಣದ ಪುಡಿ ಎಸಿ ಗಾಳಿ ಬರುವ ಸಂದುಗಳ ಒಳಗೆಲ್ಲ ಸೇರಿಕೊಂಡಿತು. ಅದು ಮುಂದೆ ಎಲ್ಲೆಲ್ಲಿ ಹೊರಬರುತ್ತದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಗುಡ್ಡದಿಂದ ಉಗರಗೋಳದ ಕಡೆಗೆ ಇಳಿಯುವಾಗ ಪಕ್ಕದಲ್ಲಿ ಕೂತಿದ್ದ ಈರಣ್ಣ ಕೊನೆಯ ಪಾಠ ಹೇಳಿದ. ಇಳಿಜಾರಿನಲ್ಲಿ ಗೇರ್ ಕಡ್ಡಿಯನ್ನು ನ್ಯೂಟ್ರಲ್ಲಿಗೆ ತಂದುಬಿಡಬೇಕು, ಗಾಡಿ ತಾನೇ ಉರುಳುತ್ತದೆ, ಡೀಸೆಲ್ ಉಳಿಯುತ್ತದೆ. ನಮ್ಮ ಕಡೆ ಇದನ್ನು ಯಾರೂ ಕಲಿಸುವುದಿಲ್ಲ, ಎಲ್ಲರೂ ಮಾಡುತ್ತಾರೆ. ಟ್ರಕ್ಕಿನವರು, ಟಂಟಂನವರು, ಮದುವೆಯ ದಿಬ್ಬಣದವರು, ಎಲ್ಲರೂ ಗುಡ್ಡದಿಂದ ಹೀಗೇ ಸದ್ದಿಲ್ಲದೆ ಇಳಿದುಬರುತ್ತಾರೆ. ನಾನೂ ಹಾಗೇ ಇಳಿಸಿದೆ. ಸುಖವಾಗಿತ್ತು. ಚಲೋ ಕಲಿತಿ ಎಂದು ತಮ್ಮ ಮೊದಲ ಸಲ ಹೊಗಳಿದ. ಆ ಹೊಗಳಿಕೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡಂತೆ ನೇಪಾಳದವರೆಗೆ ಒಯ್ದೆ.

ಕಿತ್ತೂರು

ಹೊರಟ ದಿನ ಬುತ್ತಿಯ ಭಾರಕ್ಕೆ ಗಾಡಿ ಹಿಂದೆ ಕುಸಿದಿತ್ತು. ಒಣ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಕರದಂಟು. ಪರದೇಶದಲ್ಲಿ ಜನ ಏನು ತಿನ್ನುತ್ತಾರೋ ಏನೋ ಎಂದು ಶಾಂತಕ್ಕ ಒಂದು ಮದುವೆಗಾಗುವಷ್ಟು ರೊಟ್ಟಿ ಬಡಿದು ತಂದಿದ್ದಳು.

ಈರಣ್ಣ ಕಿತ್ತೂರಿನವರೆಗೆ ತನ್ನ ಗಾಡಿಯಲ್ಲಿ ಹಿಂದೆ ಬಂದ. ಅಲ್ಲಿ ದೊಡ್ಡ ಹೆದ್ದಾರಿ ಸಿಗುತ್ತದೆ. ಕೋಟೆಯ ಬಾಗಿಲಿಗೆ ಕೈ ಮುಗಿದು ಹೋಗಬೇಕೆಂದು ಶಾಂತಕ್ಕ ಹೇಳಿದ್ದರಿಂದ ಅಲ್ಲಿ ನಿಲ್ಲಿಸಿದೆವು. ಚಹಾ ಕುಡಿಯುವಾಗ ಈರಣ್ಣ ಬೇಡವೆಂದು ಇನ್ನೊಮ್ಮೆ ಹೇಳಿನೋಡಿದ. ಹೊತ್ತು ಮುಳುಗಿದ ಮೇಲೆ ಓಡಿಸಬೇಡ, ಟ್ರಕ್ಕಿನ ಹಿಂದೆ ಹೋಗಬೇಡ, ಯಾರಿಗೂ ಲಿಫ್ಟ್ ಕೊಡಬೇಡ. ಅವನ ಬೇಡಗಳು ಮುಗಿಯುವಾಗ ಚಹಾ ತಣ್ಣಗಾಗಿತ್ತು. ಕಿಸೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡ. ಕೀಲಿ ಅಲ್ಲಿಯೇ ಇತ್ತು.

ಅಲ್ಲಿಂದ ಉತ್ತರಕ್ಕೆ ತಿರುಗಿದೆ. ಹೆದ್ದಾರಿಯಲ್ಲಿ ಆಟೋಮ್ಯಾಟಿಕ್ ಡೀಸೆಲ್ ಗಾಡಿ ಓಡಿಸುವುದು, ನಿಜ ಹೇಳಬೇಕೆಂದರೆ, ರಾಟೆ ಮುಂದೆ ಕೂತಷ್ಟೇ ಕೆಲಸ. ಬಲಗಾಲು ಒತ್ತುತ್ತದೆ, ಎಡಗಾಲು ಜನ್ಮದಲ್ಲಿ ಮೊದಲ ಸಲ ಯಾರಿಗೂ ತೊಂದರೆ ಕೊಡದೆ ಸುಮ್ಮನೆ ಕೂತಿರುತ್ತದೆ. ಮಹಾರಾಷ್ಟ್ರ ದಾಟಿದೆವು, ಮಧ್ಯಪ್ರದೇಶ ದಾಟಿದೆವು. ಸಂಜೆಯಾದ ಕೂಡಲೇ ಯಾವ ಊರು ಬಂದರೆ ಆ ಊರಲ್ಲಿ ತಂಗಿದೆವು. ಈರಣ್ಣನ ಫೋನು ದಿನವೂ ಬರುತ್ತಿತ್ತು. ಅವನು ಗಾಡಿ ಹೇಗಿದೆ ಎಂದು ಕೇಳುತ್ತಿದ್ದ, ನಾನು ಹೇಗಿದ್ದೇನೆ ಎಂದು ಕೇಳುತ್ತಿರಲಿಲ್ಲ. ಎರಡೂ ಒಂದೇ ಎಂದು ಅವನ ಲೆಕ್ಕ ಇದ್ದೀತು.

ಸೋನೌಲಿ

ದೇಶದ ಗಡಿ ಎಂದರೆ ಗೋಡೆಯೋ ಹೊಳೆಯೋ ಇರುತ್ತದೆ ಎಂದುಕೊಂಡಿದ್ದೆ. ಸೋನೌಲಿಯಲ್ಲಿ ಇದ್ದದ್ದು ಒಂದು ಕಮಾನು, ಅದರ ಎರಡೂ ಕಡೆ ಬಟ್ಟೆಯ ಅಂಗಡಿ, ನಡುವೆ ಸೈಕಲ್ ರಿಕ್ಷಾಗಳ ಜಾತ್ರೆ. ಗಾಡಿ ಒಳಗೆ ಒಯ್ಯುವ ಪರವಾನಗಿ ಮಾಡಿಸಬೇಕು, ಅದೊಂದು ಅರ್ಧ ದಿನದ ಕೆಲಸ. ಅದನ್ನು ಮುಗಿಸಿ ಕಮಾನಿನ ಕೆಳಗೆ ಬಂದಾಗ ನೇಪಾಳದ ಒಬ್ಬ ಪೊಲೀಸ್ ಕಿಟಕಿಯಲ್ಲಿ ಬಗ್ಗಿ ಎಲ್ಲಿಂದ ಬಂದಿರಿ ಎಂದು ಕೇಳಿದ. ಸೆಖೆ ಎಂದು ಆ ಹೊತ್ತಿಗೇ ನಾನು ಮೊದಲ ಸಲ ಎಸಿ ಜೋರು ಮಾಡಿದೆ. ಎಲ್ಲಮ್ಮನ ಭಂಡಾರ ಅವನ ಮುಖದ ಮೇಲೆ ಹೋಯಿತು.

ಅವನು ಮೀಸೆಯಿಂದ ಅರಿಶಿಣ ಒರೆಸಿಕೊಂಡು ನನ್ನನ್ನೇ ನೋಡಿದ. ನನ್ನ ಹಿಂದಿ ಆ ಸಮಯಕ್ಕೆ ಕೈಕೊಟ್ಟಿತು. ಅಷ್ಟು ವರ್ಷ ವ್ಯಾಕರಣ ಕಲಿಸಿದವಳಿಗೆ ಕ್ಷಮೆ ಕೇಳುವ ಒಂದು ವಾಕ್ಯ ಸಿಗಲಿಲ್ಲ. ಶಾಂತಕ್ಕ ಪಕ್ಕದಿಂದ ಕೈ ಮುಗಿದು "ದೇವಿ, ದೇವಿ" ಎಂದಳು. ಅವನು ಬೆರಳಿಗೆ ಅಂಟಿದ್ದನ್ನು ಹಣೆಗೆ ಹಚ್ಚಿಕೊಂಡು, ಹೋಗಿ ಎಂದು ಕೈ ಮಾಡಿದ. ನನ್ನ ಹಿಂದಿಗಿಂತ ಅಕ್ಕನ ಕೈ ಮುಗಿಯುವುದೇ ಹೆಚ್ಚು ದೂರ ನಡೆಯುತ್ತದೆ ಎಂದು ಮುಂದೆಯೂ ಎಷ್ಟೋ ಸಲ ಗೊತ್ತಾಯಿತು.

ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ತಾಸು ಮುಂದೆ. ಇದನ್ನು ಹೇಳಿದಾಗ ಶಾಂತಕ್ಕನಿಗೆ ಬಹಳ ನಿರಾಶೆಯಾಯಿತು. ಇಷ್ಟು ದೂರ ಬಂದರೂ ಬರೀ ಕಾಲು ತಾಸೇ ಎಂದಳು. ತನ್ನ ಕೈಗಡಿಯಾರ ಮುಟ್ಟಗೊಡಲಿಲ್ಲ.

ಬುಟವಲ್

ಬಯಲು ಮುಗಿದು ಬೆಟ್ಟ ಶುರುವಾಗುವ ಊರು ಇದು. ತಂಗಿದ್ದಲ್ಲಿ ಬೆಳಿಗ್ಗೆ ಗಾಡಿ ಚಾಲೂ ಆಗಲಿಲ್ಲ. ರಾತ್ರಿ ಶಾಂತಕ್ಕ ರೊಟ್ಟಿ ಹುಡುಕಲು ಹಚ್ಚಿದ ಒಳಗಿನ ದೀಪ ಹಾಗೇ ಉರಿದು ಬ್ಯಾಟರಿ ಕುಡಿದುಹಾಕಿತ್ತು. ಕೂಡಲೇ ನಾಲ್ಕು ಜನ ಬಂದು ಹಿಂದೆ ಕೈ ಹಚ್ಚಿದರು. ಈ ವಿಷಯದಲ್ಲಿ ನೇಪಾಳವೂ ಬೈಲಹೊಂಗಲವೂ ಒಂದೇ, ನಿಂತ ಗಾಡಿ ಕಂಡರೆ ಜನಕ್ಕೆ ನೂಕುವ ಹುಮ್ಮಸ್ಸು. ಆಟೋಮ್ಯಾಟಿಕ್ ಗಾಡಿ ನೂಕಿದರೆ ಎಂಜಿನ್ ಏಳುವುದಿಲ್ಲ ಎಂದು ನಾನು ಹೇಳಿದ್ದನ್ನು ಅವರು ನಂಬಲಿಲ್ಲ. ಹೆಂಗಸಿಗೇನು ಗೊತ್ತು ಎಂಬ ಆ ನಗೆಯೂ ನಮ್ಮೂರಿನದೇ.

ಹೋಟೆಲಿನ ಯಜಮಾನಿ ಒಳಗಿಂದ ಬಂದಳು. ಇಲ್ಲಿ ಗಲ್ಲಾದ ಮೇಲೆ ಹೆಂಡತಿ ಕೂರುತ್ತಾಳೆ, ಗಂಡ ಒಳಗೆ ಬೇಳೆ ಕುದಿಸುತ್ತಾನೆ. ಅವಳು ಒಂದು ಮಾತು ಹೇಳಿದ ಕೂಡಲೇ ನಾಲ್ವರೂ ಕೈ ತೆಗೆದರು. ಆಮೇಲೆ ಯಾವುದೋ ಜೀಪಿನಿಂದ ತಂತಿ ಜೋಡಿಸಿ ನಮ್ಮ ಎಂಜಿನ್ ಎಬ್ಬಿಸಿಕೊಟ್ಟಳು. ಶಾಂತಕ್ಕ ಅವಳಿಗೆ ಕರದಂಟು ಕೊಟ್ಟಳು. ಅವಳು ತಿಂದು, ಕಣ್ಣರಳಿಸಿ, ಒಳಗಿದ್ದ ಗಂಡನಿಗೂ ಒಯ್ದಳು.

ಹೊರಡುವ ಹೊತ್ತಿಗೆ ಈರಣ್ಣ ಫೋನ್ ಮಾಡಿದಾಗ ಬ್ಯಾಟರಿಯ ಸುದ್ದಿ ಹೇಳಲಿಲ್ಲ. ಇದು ಕರೆಯುವಂಥ ಕಷ್ಟವಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಪಾಲ್ಪಾದ ಇಳಿಜಾರು

ಬುಟವಲ್ಲಿನಿಂದ ರಸ್ತೆ ಬಂಡೆಗಳ ಮೈ ಹಿಡಿದು ಏರುತ್ತದೆ. ಮೇಲಿಂದ ಕಲ್ಲು, ಕೆಳಗೆ ಹೊಳೆ. ಇಲ್ಲಿ ಟ್ರಕ್ಕಿನವರ ರೀತಿ ನನಗೆ ಬಹಳ ಹಿಡಿಸಿತು. ಮುಂದೆ ದಾರಿ ಖಾಲಿ ಇದ್ದರೆ ಬಲಗಡೆಯ ದೀಪ ಮಿಣುಕಿಸಿ, ದಾಟಿ ಹೋಗಿ ಎನ್ನುತ್ತಾರೆ. ನಮ್ಮ ಯರಗಟ್ಟಿ ರಸ್ತೆಯಲ್ಲಿ ಆ ದೀಪ ಮಿಣುಕಿದರೆ, ಆರಿಸಲು ಮರೆತಿದ್ದಾರೆ ಎಂದು ಅರ್ಥ. ಮೊದಲು ನಂಬಿಕೆ ಬರಲಿಲ್ಲ, ಆಮೇಲೆ ಒಬ್ಬೊಬ್ಬರನ್ನೂ ನಂಬಿ ದಾಟಿದೆ. ಏರುವಾಗ ಗಾಡಿ ತಾನೇ ಗೇರ್ ಇಳಿಸಿಕೊಂಡು ದುಡಿಯಿತು. ಪಾಲ್ಪಾ ತಲುಪಿದಾಗ ಹೆಮ್ಮೆಯಿಂದ ಸ್ಟೇರಿಂಗ್ ತಟ್ಟಿದೆ.

ಪಾಲ್ಪಾ ದಾಟಿದ ಮೇಲೆ ರಸ್ತೆ ಕಾಳಿ ಗಂಡಕಿ ಹೊಳೆಯ ತನಕ ಇಳಿಯುತ್ತದೆ. ಎಲ್ಲಮ್ಮನ ಗುಡ್ಡ ಇಳಿದವಳು ನಾನು. ಗೇರ್ ಕಡ್ಡಿಯನ್ನು ನ್ಯೂಟ್ರಲ್ಲಿಗೆ ತಂದೆ. ಎಂಜಿನ್ ಸದ್ದು ಸಣ್ಣಗಾಯಿತು, ಗಾಡಿ ಉರುಳತೊಡಗಿತು. ತಿರುವು ಬಂದಾಗ ಬ್ರೇಕ್, ಮತ್ತೆ ಬಿಡುವುದು, ಮತ್ತೆ ಬ್ರೇಕ್. ಉಗರಗೋಳದ ಕಡೆಗಾದರೆ ಇಷ್ಟರಲ್ಲಿ ಇಳಿಜಾರು ಮುಗಿದು ಎಮ್ಮೆಗಳು ಅಡ್ಡ ಬರುತ್ತಿದ್ದವು. ಇಲ್ಲಿ ತಿರುವಿನ ಕೆಳಗೆ ತಿರುವು, ಅದರ ಕೆಳಗೆ ಇನ್ನೊಂದು.

ಸುಟ್ಟ ವಾಸನೆ ಬಂತು. ಯಾರದೋ ಹೊಲದಲ್ಲಿ ಕಸ ಸುಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಬ್ರೇಕ್ ಒತ್ತಿದರೆ ಕಾಲಿನ ಕೆಳಗೆ ಹಿಟ್ಟು ಒತ್ತಿದಂತಾಯಿತು. ಪೆಡಲ್ ಒಳಗೆ ಹೋಗುತ್ತಿದೆ, ಗಾಡಿ ನಿಧಾನವಾಗುತ್ತಿಲ್ಲ. ಎದುರಿನಿಂದ ಬಸ್ಸು ಬರುತ್ತಿತ್ತು. ಕೈಬ್ರೇಕ್ ಎಳೆದೆ, ಗಾಡಿ ಸ್ವಲ್ಪ ತಡವರಿಸಿತು. ಬೆಟ್ಟದ ಬದಿಗೆ ರಸ್ತೆ ಕೆಲಸದವರು ಉಸುಕಿನ ರಾಶಿ ಹಾಕಿದ್ದರು. ಮೂತಿಯನ್ನು ಅದರೊಳಗೆ ತಿರುಗಿಸಿದೆ. ಗಾಡಿ ಉಸುಕಿನಲ್ಲಿ ಹೂತು ನಿಂತಿತು. ಬಸ್ಸು ಪಕ್ಕದಿಂದ ಹೋಯಿತು.

ಶಾಂತಕ್ಕ ಎದುರಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಹಿಡಿಕೆ ಬಿಡದೆಯೇ, ನಿಂತಿತೇನು ಎಂದು ಕೇಳಿದಳು. ನಿಂತಿತು ಎಂದೆ. ನನ್ನ ಬಲಗಾಲು ಇನ್ನೂ ಪೆಡಲನ್ನು ಒತ್ತಿಕೊಂಡೇ ಇತ್ತು. ಮುಂದಿನ ಗಾಲಿಗಳಿಂದ ಹೊಗೆ ಬರುತ್ತಿತ್ತು.

ಎದುರಿಗೇ ಒಂದು ಚಹದಂಗಡಿ ಇತ್ತು. ಅಲ್ಲಿಯವರು ನೀರಿನ ಬಕೆಟ್ ತಂದರು. ಕಾದ ಕಬ್ಬಿಣಕ್ಕೆ ತಣ್ಣೀರು ಬೇಡ ಎಂದು ನಿಲ್ಲಿಸಿ, ಬೆಂಚಿನ ಮೇಲೆ ಕೂತೆವು. ಆಗ ಮತ್ತೆ ಫೋನು ಬಂತು. ಈರಣ್ಣ. ಎಲ್ಲಿ ಇದ್ದೀರಿ ಎಂದ.

"ಚಾ ಕುಡ್ಯಾಕ ನಿಂತೇವಿ" ಎಂದೆ. ಸುಳ್ಳೇನಲ್ಲ, ಕೈಯಲ್ಲಿ ಗ್ಲಾಸ್ ಇತ್ತು.

ಧ್ವನಿ ಯಾಕೆ ಹಾಗಿದೆ ಎಂದ. ಏನಾದರೂ ಇದ್ದರೆ ಹೇಳು, ಗೋರಖಪುರಕ್ಕೆ ರೈಲು ಹಿಡಿಯುತ್ತೇನೆ, ಮುಂದಿನದು ನಾನು ನೋಡಿಕೊಳ್ಳುತ್ತೇನೆ ಎಂದ. ಎಷ್ಟು ಮೆತ್ತಗೆ ಹೇಳಿದನೆಂದರೆ ನನಗೆ ಅಳು ಬಂತು. ಬಾ ತಮ್ಮಾ ಎಂಬ ಎರಡು ಶಬ್ದ ನಾಲಿಗೆಯ ತುದಿಗೆ ಬಂದಿದ್ದವು. ಹೆದರಿದ್ದೆ. ನನ್ನೊಬ್ಬಳ ಜೀವವಾದರೆ ಆ ಮಾತು ಬೇರೆ, ನನ್ನನ್ನು ಬಗಲಲ್ಲಿ ಹೊತ್ತವಳನ್ನು ಕೂರಿಸಿಕೊಂಡು ಈ ಇಳಿಜಾರಿಗೆ ಬಂದಿದ್ದೆ. ರೇಂಜ್ ಇಲ್ಲ, ಆಮೇಲೆ ಮಾಡುತ್ತೇನೆ ಎಂದು ಫೋನ್ ಇಟ್ಟೆ.

ಶಾಂತಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಬೇರೆ. ಇಳಿಯುವ ಮೊದಲು ನೀನು ಆ ಕಡ್ಡಿ ಮುಂದೆ ನೂಕಿದೆಯಲ್ಲ, ಆಗ ಎಂಜಿನ್ ಸದ್ದು ಯಾಕೆ ಸಣ್ಣಗಾಯಿತು ಎಂದಳು. ನಾನು ಮಾಸ್ತರಕಿಯ ಚಾಳಿಯಲ್ಲಿ ವಿವರಿಸಿದೆ. ಅದು ನ್ಯೂಟ್ರಲ್, ಎಂಜಿನ್ನಿಗೂ ಗಾಲಿಗೂ ಇರುವ ಸಂಬಂಧ ಬಿಚ್ಚಿಬಿಡುತ್ತದೆ, ಗಾಡಿ ತಾನೇ ಉರುಳುತ್ತದೆ, ಡೀಸೆಲ್ ಉಳಿಯುತ್ತದೆ ಎಂದೆ.

"ಅಂದ್ರ ಎತ್ತ ಬಿಚ್ಚಿದಂಗ ಆತು" ಎಂದಳು. "ಇಳಿಜಾರಿನ್ಯಾಗ ಯಾರರ ಎತ್ತ ಬಿಚ್ಚಿ ಬಂಡಿ ಬಿಡತಾರೇನು, ಗಿರಿಜಾ? ಏರು ಇದ್ದಾಗ ಎತ್ತ ಜಗ್ಗತಾವು. ಇಳಿಜಾರಿದ್ದಾಗ ಅವ ಹಿಂದಕ್ಕ ಒರಗಿ ತಡೀತಾವು. ಎತ್ತಿನ ಕೆಲಸ ಇಳಿವಾಗನ ಹೆಚ್ಚಿಂದು."

ಗ್ಲಾಸ್ ಕೈಯಲ್ಲೇ ಉಳಿಯಿತು. ಹೊಳೆದದ್ದು ಅವಳು ಹೇಳಿದ್ದೊಂದೇ ಅಲ್ಲ. ಗೇರ್ ಕಡ್ಡಿಯ ಪಕ್ಕದಲ್ಲಿ ಇನ್ನೊಂದು ಸಂದು ಇದೆ, ಅದರಲ್ಲಿ ಕಡ್ಡಿ ಸರಿಸಿದರೆ ಗೇರನ್ನು ನಾವೇ ಕೆಳಗೆ ಹಿಡಿದಿಡಬಹುದು. ರಾಮದುರ್ಗದ ಡಾಕ್ಟರು ತೋರಿಸಿದ್ದರು. ಇದು ಯಾಕೆ ಬೇಕು ಎಂದು ಆಗ ನಾನೂ ಕೇಳಲಿಲ್ಲ, ಈರಣ್ಣನೂ ಕೇಳಲಿಲ್ಲ. ಗುಡ್ಡದಿಂದ ಎಂಜಿನ್ ಸಡಿಲು ಬಿಟ್ಟೇ ಇಳಿಯುವ ಊರಿನವರಿಗೆ ಅದು ಬೇಡದ ಸಂದು.

ಗಾಲಿ ಮುಟ್ಟಿ ನೋಡುವಷ್ಟು ತಣ್ಣಗಾಗುವ ತನಕ ಕಾದೆವು. ಬ್ರೇಕ್ ಒತ್ತಿದೆ, ಗಟ್ಟಿಯಾಗಿತ್ತು. ಚಹದಂಗಡಿಯವರು ಗಾಡಿಯನ್ನು ಉಸುಕಿನಿಂದ ಹಿಂದಕ್ಕೆ ತರಲು ಕೈ ಹಚ್ಚಿದರು. ಅಲ್ಲೇ ಎರಡು ಮೂರು ಸಲ ಸರಿಸಿ ನಿಲ್ಲಿಸಿ ಪರೀಕ್ಷೆ ಮಾಡಿದೆ. ಆಮೇಲೆ ಕಡ್ಡಿಯನ್ನು ಆ ಪಕ್ಕದ ಸಂದಿಗೆ ಸರಿಸಿ ಎರಡನೇ ಗೇರಿನಲ್ಲಿ ಹಿಡಿದೆ. ಇಳಿಜಾರು ಬಂತು. ಎಂಜಿನ್ ಗುರುಗುಟ್ಟಿತು, ಗಾಡಿ ಮುಂದೆ ಓಡುವ ಬದಲು ಹಿಂದಕ್ಕೆ ಒರಗಿತು. ತಿರುವಿನಲ್ಲಿ ಬ್ರೇಕ್ ಬರೀ ತಾಗಿಸಿದರೆ ಸಾಕಾಗುತ್ತಿತ್ತು. ಶಾಂತಕ್ಕ ಆ ಗುರುಗುಟ್ಟುವಿಕೆ ಕೇಳಿ, ಈಗ ಎತ್ತು ಕಟ್ಟಿದಿ ಎಂದಳು.

ಹಿಂದಿನಿಂದ ಹಾರ್ನ್ ಮಾಡಿದವರಿಗೆ ಬಲಗಡೆಯ ದೀಪ ಮಿಣುಕಿಸಿ ದಾರಿ ಬಿಟ್ಟೆ. ಕೆಳಗೆ ರಾಮ್ದಿಯ ಸೇತುವೆ ಬಂತು. ಕಾಳಿ ಗಂಡಕಿ ಹೆಸರಿಗೆ ತಕ್ಕಂತೆ ಕಪ್ಪಗಿತ್ತು, ನಮ್ಮ ಎರೆ ಹೊಲದ ಮಳೆನೀರಿನ ಬಣ್ಣ. ಸೇತುವೆ ದಾಟಿ ನಿಲ್ಲಿಸಿ ಈರಣ್ಣನಿಗೆ ನಾನೇ ಫೋನ್ ಮಾಡಿದೆ. ಗಾಡಿ ಚಲೋ ಇದೆ ಎಂದೆ. ನಾನು ಚಲೋ ಇದ್ದೇನೆ ಎಂದೂ ಸೇರಿಸಿದೆ.

ಪೋಖರಾ

ತಲುಪಿದ ಮಾರನೆಯ ದಿನ ಮೋಡ. ಅದರ ಮಾರನೆಯ ದಿನವೂ ಮೋಡ. ಪರದೇಶ ನೋಡಲು ಬಂದು ಮಂಜಿನಲ್ಲಿ ಕೂತಿದ್ದೇವೆ ಎಂದು ನಾನು ಚಡಪಡಿಸಿದೆ. ಶಾಂತಕ್ಕನಿಗೆ ಚಿಂತೆಯೇ ಇರಲಿಲ್ಲ. ತಂಗಿದ್ದ ಮನೆಯ ಹೆಂಗಸರೊಂದಿಗೆ ಸೊಪ್ಪು ಸೋಸುತ್ತ ಕೂತಿದ್ದಳು. ಅವರು ನೇಪಾಳಿಯಲ್ಲಿ ಮಾತಾಡುತ್ತಿದ್ದರು, ಇವಳು ಸಂಪಗಾಂವದ ಕನ್ನಡದಲ್ಲಿ. ಸೊಸೆಯರ ವಿಷಯವೇ ಎರಡೂ ಕಡೆ ನಡೆದಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅವರು ಊಟದಲ್ಲಿ ಅನ್ನ, ಬೇಳೆ, ಸಾಸಿವೆ ಸೊಪ್ಪು ಕೊಟ್ಟರು, ನಾವು ರೊಟ್ಟಿ ಚಟ್ನಿ ಕೊಟ್ಟೆವು. ಕೆಂಪು ಖಾರ ತಿಂದ ಮನೆಯ ಯಜಮಾನ ನೀರಿಗೆ ಓಡಿದ. ಅವನ ತಾಯಿ ಮಾತ್ರ ಇನ್ನಷ್ಟು ಹಾಕು ಎಂದು ತಟ್ಟೆ ಮುಂದೆ ಮಾಡಿದಳು.

ಮೂರನೆಯ ಬೆಳಿಗ್ಗೆ ಮೋಡ ತೆರೆಯಿತು. ಮನೆಯ ಅಂಗಳದಲ್ಲೇ ನಿಂತು ನೋಡಿದೆವು. ಬೆಟ್ಟಗಳ ಮೇಲೆ, ಬೆಟ್ಟ ಇರಬಾರದ ಎತ್ತರದಲ್ಲಿ, ಹಿಮದ ಬಿಳಿ ಗೋಡೆ. ಮೊದಲು ತುದಿ ಕೆಂಪಾಯಿತು, ಆಮೇಲೆ ಕೆಳಕೆಳಗೆ ಬೆಳಕು ಇಳಿಯಿತು.

ಶಾಂತಕ್ಕ ಬಹಳ ಹೊತ್ತು ನೋಡಿದಳು. ಅಲ್ಲಿ ಯಾರೂ ಬಿತ್ತುವುದಿಲ್ಲವೇನು ಎಂದು ಕೇಳಿದಳು. ಇಲ್ಲ ಎಂದೆ. ಹಾಗಿದ್ದರೆ ಚೆಂದ ಇರುವುದಕ್ಕಾಗಿಯೇ ಇಷ್ಟು ನೆಲ ಬಿಟ್ಟಿದ್ದಾನೆ ಶಿವ ಎಂದಳು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು:

"ಸಾಲಿಗೆ ಹೊತಗೊಂಡ ಹೋಗುವಾಗ ನೀ ಎಷ್ಟ ಹಗುರ ಇದ್ದಿ ಗೊತ್ತೇನು? ನಾ ಎಷ್ಟ ಭಾರ ಅದೇನಿ ನೋಡ. ಆದರೂ ತಂದಿ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಗಾಡಿಯ ಗಾಜು ಒರೆಸುವ ನೆಪದಲ್ಲಿ ಆ ಕಡೆ ಹೋದೆ.

ಯರಗಟ್ಟಿ

ಹೋದ ದಾರಿಯಲ್ಲೇ ಬಂದೆವು. ಇಳಿಜಾರುಗಳನ್ನೆಲ್ಲ ಎತ್ತು ಕಟ್ಟಿಯೇ ಇಳಿದೆವು. ಬೈಲಹೊಂಗಲಕ್ಕೆ ಬಂದ ಮೇಲೆ, ಸುಖವಾಗಿ ಬಂದದ್ದಕ್ಕೆ ಗುಡ್ಡಕ್ಕೆ ಹೋಗಿ ತಾಯಿಗೆ ಉಡಿ ತುಂಬಿ ಬರಬೇಕು ಎಂದು ಶಾಂತಕ್ಕ ಹೇಳಿದಳು. ಈರಣ್ಣನೂ ಬರುತ್ತೇನೆಂದು ಬಸ್ಸು ಹಿಡಿದು ಸವದತ್ತಿಗೆ ಬಂದು ನಿಂತಿದ್ದ. ತನ್ನ ಗಾಡಿ ಯಾಕೆ ತರಲಿಲ್ಲ ಎಂದು ನಾನು ಕೇಳಲಿಲ್ಲ.

ಗುಡ್ಡದಿಂದ ಇಳಿಯುವಾಗ ಅವನು ನನ್ನ ಪಕ್ಕದಲ್ಲಿ ಕೂತಿದ್ದ. ತಿರುವು ಬಂದಾಗಲೆಲ್ಲ ಅವನ ಎಡಗಾಲು ಕಾಲೊರಸಿನ ಮೇಲೆ ಇಲ್ಲದ ಕ್ಲಚ್ ಒತ್ತುತ್ತಿತ್ತು. ನ್ಯೂಟ್ರಲ್ ಹಾಕು ಎಂದ. ನಾನು ಕಡ್ಡಿಯನ್ನು ಪಕ್ಕದ ಸಂದಿಗೆ ಸರಿಸಿದೆ. ಎಂಜಿನ್ ಗುರುಗುಟ್ಟಿತು. ಇದೇನು ಗಾಡಿ ಒದರುತ್ತಿದೆ, ಡೀಸೆಲ್ ಕುಡಿಯುತ್ತದೆ ಎಂದು ಅವನು ಗಾಬರಿಯಾದ. ಹಿಂದಿನ ಸೀಟಿನಿಂದ ಶಾಂತಕ್ಕ ಪಾಲ್ಪಾದ ಕಥೆಯನ್ನು ಮೊದಲಿಂದ ಹೇಳಿದಳು. ವಾಸನೆ, ಹೊಗೆ, ಬಸ್ಸು, ಉಸುಕು, ಒಂದನ್ನೂ ಬಿಡಲಿಲ್ಲ. ನಾನು ಮುಚ್ಚಿಟ್ಟಿದ್ದೆಲ್ಲ ಉಗರಗೋಳ ಬರುವುದರೊಳಗೆ ಹೊರಗೆ ಬಿತ್ತು.

ಈರಣ್ಣನ ಎಡಗಾಲು ಇಲ್ಲದ ಕ್ಲಚ್ ಒತ್ತುವುದನ್ನು ಬಿಟ್ಟಿತು. ಸವದತ್ತಿ ದಾಟಿತು. ನ್ಯೂಟ್ರಲ್ ಕಲಿಸಿದ್ದು ತಾನು ಎಂದು ಅವನಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಇನ್ನು ಸ್ಟೇರಿಂಗ್ ಮುಟ್ಟಬೇಡ ಎನ್ನುತ್ತಾನೆ ಎಂದು ನಾನು ಉತ್ತರ ಕಟ್ಟಿಕೊಳ್ಳುತ್ತಿದ್ದೆ. ಯರಗಟ್ಟಿಯಲ್ಲಿ ಅವನ ಅಂಗಡಿಯ ಮುಂದೆ ನಿಲ್ಲಿಸಿದೆ. ಅವನು ಇಳಿಯಲಿಲ್ಲ. ಅಂಗಿಯ ಕಿಸೆಯಿಂದ ಕೀಲಿ ತೆಗೆದ. ಕಿಸೆಯಲ್ಲಿದ್ದೂ ಇದ್ದೂ ಅದರ ಕರಿ ಬಣ್ಣ ತಿಕ್ಕಿ ಹೋಗಿತ್ತು.

"ಬಸ್ಸ ಎದುರಿಗೆ ಬರೂವಾಗೂ ನೀ ನನ್ನ ಕರೀಲಿಲ್ಲಲ್ಲ, ಅಕ್ಕಾ."

ಕರೆಯುವವಳಿದ್ದೆ, ನಾಲಿಗೆಯ ಮೇಲೆ ಬಂದಿತ್ತು ಎಂದೆ.

"ಕರದಿದ್ರ ನಾ ಬಂದು ನ್ಯೂಟ್ರಲ್ ಹಾಕೇ ಇಳಸತಿದ್ದೆ" ಎಂದ. ಕೀಲಿಯನ್ನು ನನ್ನ ಕೈಯಲ್ಲಿಟ್ಟ. "ತಗೋ. ಈ ಗಾಡಿ ನನಗ ಹೊಡ್ಯಾಕ ಬರೂದಿಲ್ಲ."

ಅವನು ಇಳಿದು ಅಂಗಡಿಯ ಮೆಟ್ಟಿಲು ಹತ್ತುವ ತನಕ ನೋಡುತ್ತ ಕೂತೆ. ಹಟದಿಂದ ಗೆದ್ದದ್ದು ಹೀಗೆ ಮೆತ್ತಗೆ ಕೈಗೆ ಬಂದಾಗ ಗೆದ್ದ ಹಾಗೆ ಅನಿಸುವುದಿಲ್ಲ. ನಾಳೆಯಿಂದ ಇವನನ್ನೂ ನಾನೇ ದವಾಖಾನೆಗೆ, ಮದುವೆಗೆ ಕರೆದುಕೊಂಡು ಹೋಗುತ್ತೇನೆ ಎಂದುಕೊಂಡೆ.

ಎರಡನೆಯ ಕೀಲಿಯನ್ನು ಹಿಂದಿನ ಸೀಟಿಗೆ ಚಾಚಿದೆ. ತನಗೆ ಯಾಕೆ, ತಾನೇನು ಓಡಿಸುತ್ತೇನೆಯೇ ಎಂದಳು ಶಾಂತಕ್ಕ. ಇಟ್ಟುಕೋ, ಎಲ್ಲಿಗೆ ಹೋಗಬೇಕೆನಿಸಿದರೂ ಕರೆ, ನಾನು ಬರುತ್ತೇನೆ ಎಂದೆ. ಅವಳು ಕೀಲಿಯನ್ನು ತಿರುಗಿಸಿ ನೋಡಿದಳು. ಆಮೇಲೆ ಮನೆಯ ಬೀಗದ ಕೈ ಕಟ್ಟಿಕೊಂಡಿದ್ದ ಸೆರಗಿನ ಗಂಟು ಬಿಚ್ಚಿ, ಇದನ್ನೂ ಅದರೊಳಗೆ ಸೇರಿಸಿ, ಹಲ್ಲಿನಿಂದ ಎಳೆದು ಬಿಗಿಯಾಗಿ ಕಟ್ಟಿದಳು.

ನಾನು ಗಾಡಿಯನ್ನು ಸಂಪಗಾಂವದ ಕಡೆಗೆ ತಿರುಗಿಸಿದೆ.